ಆ 10 ಸೆಕೆಂಡ್ ಎಲ್ಲಿಂದ ಬಂತು?

ಸಿದ್ದಾಪುರದ ಹತ್ತಿರ ಒಂದು ಕಾಫಿ ತೋಟ, ರೋಬಸ್ಟಾ ಕೊಯ್ಲಿನ ಸಮಯ. ಸಂಜೆ ಹಣ್ಣಿನ ಚೀಲಗಳು ಒಂದೊಂದಾಗಿ ತೂಕಕ್ಕೆ ಬರುತ್ತವೆ, ರೈಟರ್ ಪುಸ್ತಕದಲ್ಲಿ ಬರೆದುಕೊಳ್ಳುತ್ತಾರೆ. ಆ ಬರೆಯುವ ಕೆಲಸ ತಪ್ಪಿಸೋಣ ಅಂತ ತೂಕದ ಯಂತ್ರದ ಹಿಂದಿನ 9 ಪಿನ್ ಪೋರ್ಟಿನಿಂದ ಲ್ಯಾಪ್‌ಟಾಪಿಗೆ ಕೇಬಲ್ ಎಳೆದು, ಲ್ಯಾಬ್‌ವ್ಯೂ ಅನ್ನುವ, ಚಿತ್ರದ ಡಬ್ಬಿಗಳಿಂದ ಪ್ರೋಗ್ರಾಂ ಕಟ್ಟುವ ತಂತ್ರಾಂಶದಲ್ಲಿ ನಾಲ್ಕು ಡಬ್ಬಿ ಜೋಡಿಸಿದೆ. ಪ್ರಿಂಟ್ ಬಟನ್ ಒತ್ತಿದರೆ ತೂಕವೇನೋ ಬರುತ್ತಿತ್ತು, ಆದರೆ 10 ಸೆಕೆಂಡ್ ಬಿಟ್ಟು, ಜೊತೆಗೊಂದು ಟೈಮ್‌ಔಟ್ ಎರರ್. ಬೆಳಿಗ್ಗೆಯಿಂದ ದುಡಿದು ಸಾಲಲ್ಲಿ ನಿಂತವರು ಸುಮ್ನೆ ಇರುತ್ತಾರಾ? "ಸಾರ್, ನನ್ನ ಪುಸ್ತಕನೇ ವಾಸಿ" ಅಂದರು ರೈಟರ್.

ಮನೆಯಲ್ಲಿ ಮಳೆ ಅಳೆಯೋಕೆ ಆರ್ಡುಯಿನೋ ಅನ್ನುವ ಪುಟ್ಟ ಕಂಪ್ಯೂಟರ್ ಬೋರ್ಡ್ ಇಟ್ಟಿದ್ದೇನೆ, ಅದು ಇದೇ ಲ್ಯಾಪ್‌ಟಾಪಿನಲ್ಲಿ ಮೊದಲ ದಿನವೇ ಇಂಚು ಲೆಕ್ಕ ಕೊಟ್ಟಿತ್ತು. ಇದಕ್ಕೇನು ರೋಗ?

ರೋಗ ಹಳೆಯದು. ಆ 9 ಪಿನ್ ಪೋರ್ಟ್ ಒಂದು ಸೀರಿಯಲ್ ಪೋರ್ಟ್, ಅಂದರೆ ಬಿಟ್‌ಗಳನ್ನು ಒಂದರ ಹಿಂದೊಂದು ಕಳಿಸುವಂಥದ್ದು. ಅದರ ಆರ್‌ಎಸ್-232 ನಿಯಮ ಬಂದದ್ದು 1960ರಲ್ಲಿ, ಟರ್ಮಿನಲ್‌ಗೂ ಮೋಡೆಮ್‌ಗೂ ಗಂಟು ಹಾಕೋಕೆ. ಯಾವ ಪಿನ್ ಯಾವ ಕೆಲಸಕ್ಕೆ, ಎಷ್ಟು ವೋಲ್ಟ್ ಇದ್ದರೆ 0, ಎಷ್ಟಿದ್ದರೆ 1, ಅಷ್ಟನ್ನು ಅದು ಹೇಳಿತು. ಇಂಥದ್ದೇ ವೇಗ ಅನ್ನಲಿಲ್ಲ, ಮಾತು ಎಲ್ಲಿ ಮುಗಿಯುತ್ತದೆ ಅನ್ನಲೂ ಇಲ್ಲ. ಯುಎಸ್‌ಬಿ ಸಾಧನ ಚುಚ್ಚಿದ ಕೂಡಲೇ ತಾನು ಯಾರು ಅಂತ ಹೇಳಿಕೊಳ್ಳುತ್ತದೆ, ಸೀರಿಯಲ್ ಪೋರ್ಟ್ ಹಾಗಲ್ಲ. ನಡುವಿನ ಯುಎಸ್‌ಬಿ ಅಡಾಪ್ಟರ್ ಕೂಡ ತನ್ನ ಹೆಸರಷ್ಟೇ ಹೇಳುತ್ತದೆ, ಹಿಂದಿರುವ ತಕ್ಕಡಿಯ ಹೆಸರಲ್ಲ. ಹಾಗಾಗಿ ವೇಗ, ಅಕ್ಷರಕ್ಕೆಷ್ಟು ಡೇಟಾ ಬಿಟ್, ಪ್ಯಾರಿಟಿ (ತಪ್ಪು ಹಿಡಿಯುವ ಬಿಟ್), ಸ್ಟಾಪ್ ಬಿಟ್ (ಅಕ್ಷರ ಮುಗಿಯಿತು ಅನ್ನುವ ಗುರುತು) ಎಲ್ಲವನ್ನೂ ಇವತ್ತಿಗೂ ನಾವೇ ತುಂಬಬೇಕು.

ಈ ಖಾನೆಗಳಲ್ಲಿ ಟೆಲಿಟೈಪ್ (ತಂತಿಯಲ್ಲಿ ಬಂದ ಮಾತನ್ನು ಕಾಗದಕ್ಕೆ ಹೊಡೆಯುವ ಯಂತ್ರ) ಕಾಲದ ವಾಸನೆ ಇದೆ. 1963ರ ಟೆಲಿಟೈಪ್ ಮಾಡೆಲ್ 33 ಸೆಕೆಂಡಿಗೆ 10 ಅಕ್ಷರ ಹೊಡೆಯುತ್ತಿತ್ತು. ಪ್ರತಿ ಅಕ್ಷರದ ಕೊನೆಗೆ 2 ಸ್ಟಾಪ್ ಬಿಟ್, ಯಾಕಂದ್ರೆ ಒಳಗಿನ ಕಬ್ಬಿಣ ಸಾವರಿಸಿಕೊಳ್ಳೋಕೆ ಒಂಚೂರು ಹೊತ್ತು ಬೇಕು. ಸಾಲು ಮುಗಿದಾಗ ಅಚ್ಚಿನ ತಲೆ ಎಡಕ್ಕೆ ಹೋಗಬೇಕು, ಕಾಗದ ಮೇಲೆ ಸರಿಯಬೇಕು. ಎರಡು ಕೆಲಸ, ಹಾಗಾಗಿ ಎರಡು ಸಂಕೇತ: 13 ಮತ್ತು 10. ಟೆಲಿಟೈಪ್ ಹೋಯಿತು, ಸಂಕೇತಗಳು ಉಳಿದವು. ಕಂಪ್ಯೂಟರ್ ವ್ಯವಸ್ಥೆಗಳಲ್ಲಿ ಯುನಿಕ್ಸ್ 10 ಮಾತ್ರ ಇಟ್ಟುಕೊಂಡಿತು, ಹಳೇ ಮ್ಯಾಕ್ 13 ಮಾತ್ರ, ಡಾಸ್ ಎರಡೂ. ಯಂತ್ರ ಮಾಡುವವರು ತಮಗೆ ತೋಚಿದ್ದನ್ನು ಹಿಡಿದುಕೊಂಡರು.

ಲ್ಯಾಬ್‌ವ್ಯೂ 1986ರಲ್ಲಿ ಮ್ಯಾಕಿಂಟಾಷ್‌ಗೆ ಬಂತು. ಕೋಡ್ ಟೈಪ್ ಮಾಡಬೇಡಿ, ಚಿತ್ರಕ್ಕೆ ಚಿತ್ರ ಜೋಡಿಸಿ ಅನ್ನುವುದು ಅದರ ದಾರಿ. ಚಂದವೇ. ಆದರೆ ಕೋಡ್ ಮರೆಯಾದ ಮಾತ್ರಕ್ಕೆ ಕೇಬಲ್ಲಿನ ಮೂಗತನ ಹೋಗುವುದಿಲ್ಲ ಅಲ್ವಾ? ಸೀರಿಯಲ್ ಪೋರ್ಟ್ ಹೊಂದಿಸುವ ಡಬ್ಬಿಗೆ ಏನೂ ಹೇಳದಿದ್ದರೆ ಅದು ಸೆಕೆಂಡಿಗೆ 9600 ಬಿಟ್ ವೇಗ, 8 ಬಿಟ್, ಪ್ಯಾರಿಟಿ ಇಲ್ಲ, 1 ಸ್ಟಾಪ್ ಬಿಟ್, ಕೊನೆಯ ಸಂಕೇತ 10, ಕಾಯುವ ಹೊತ್ತು 10 ಸೆಕೆಂಡ್ ಎಂದುಕೊಳ್ಳುತ್ತದೆ. ಓದುವ ಡಬ್ಬಿ ನಿಲ್ಲುವುದು ಕೇಳಿದಷ್ಟು ಬೈಟ್ ಬಂದಾಗ, ಕೊನೆಯ ಸಂಕೇತ ಸಿಕ್ಕಾಗ, ಇಲ್ಲವೇ ಹೊತ್ತು ಮೀರಿದಾಗ. ನಾನು ಕೇಳಿದ್ದು 100 ಬೈಟ್. ತಕ್ಕಡಿ ಕಳಿಸಿದ್ದು ಒಂದು ಸಣ್ಣ ಸಾಲು, ಕೊನೆಗೆ ಬರೀ 13. ಪಾಪ, ಲ್ಯಾಪ್‌ಟಾಪ್ ಬಾರದ ಸಂಕೇತ 10ಕ್ಕೆ ಕಾಯುತ್ತಾ ಕೂತಿತ್ತು. ಆರ್ಡುಯಿನೋದ ಪ್ರಿಂಟ್‌ಲೈನ್ ಆಜ್ಞೆ 13 ಮತ್ತು 10 ಎರಡನ್ನೂ ಕಳಿಸುತ್ತದೆ, ಹಾಗಾಗಿ ಮಳೆ ಲೆಕ್ಕದಲ್ಲಿ ಇದು ಕಾಣಲೇ ಇಲ್ಲ.

ಇದು ಗೊತ್ತಾಗೋ ಮೊದಲು ನಾನು ಅಡ್ಡದಾರಿ ಹಿಡಿದಿದ್ದೆ. ಪೋರ್ಟಿನಲ್ಲಿ ಎಷ್ಟು ಬೈಟ್ ಬಂದಿದೆ ಅಂತ ನೋಡಿ ಅಷ್ಟನ್ನೇ ಓದಿಬಿಡುವುದು. ತುಂಬಾ ಜನ ಮಾಡುವ ಕೆಲಸ. ಶುರು ಮತ್ತು ಕೊನೆಯ ಬಿಟ್ ಸೇರಿ ಅಕ್ಷರಕ್ಕೆ 10 ಬಿಟ್, ಹಾಗಾಗಿ 9600ರಲ್ಲಿ ಸೆಕೆಂಡಿಗೆ 960 ಅಕ್ಷರ, ಅಂದರೆ 16 ಅಕ್ಷರದ ಸಾಲಿಗೆ ಸುಮಾರು 17 ಮಿಲಿಸೆಕೆಂಡ್ ಬೇಕು. ಆ ನಡುವೆ ಇಣುಕಿದರೆ 48.6 ಅನ್ನುವುದು ಮೊದಲು 4, ಆಮೇಲೆ 8.6 ಆಗಿ ಸಿಗಬಹುದು. ಕೆಜಿ ಲೆಕ್ಕದ ಕೂಲಿಯಲ್ಲಿ ಇದು ಜಗಳಕ್ಕೆ ದಾರಿ. ಎರರ್ ಬರುವುದೇ ವಾಸಿ, ತಪ್ಪು ತೂಕ ಸದ್ದಿಲ್ಲದೆ ಬರುವುದಕ್ಕಿಂತ.

2013ರಲ್ಲಿ ಐಬಿಎಂನಿಂದ ಬಂದ, ಹೀಗೇ ಡಬ್ಬಿ ಜೋಡಿಸುವ ನೋಡ್-ರೆಡ್‌ ತಂತ್ರಾಂಶದಲ್ಲೂ ಇದೇ ಕಥೆ, ಸಾಲನ್ನು ಯಾವ ಅಕ್ಷರಕ್ಕೆ ಕತ್ತರಿಸಬೇಕು ಅಂತ ಅಲ್ಲೂ ಹೇಳಬೇಕು.

ಲ್ಯಾಬ್‌ವ್ಯೂನ ಕೊನೆಯ ಸಂಕೇತದ ಖಾನೆಯಲ್ಲಿ 10 ಇದ್ದಲ್ಲಿ 13 ಹಾಕಿದೆ. ಬಟನ್ ಒತ್ತಿದ ತಕ್ಷಣ ತೂಕ ಬಂತು. ಮಾರನೇ ದಿನ ಯಾರೋ ಕೇಬಲ್ಲನ್ನು ಬೇರೆ ಯುಎಸ್‌ಬಿ ತೂತಿಗೆ ಚುಚ್ಚಿದರು, ಲ್ಯಾಪ್‌ಟಾಪ್ ಪೋರ್ಟಿಗೆ ಕೊಟ್ಟ ಹೆಸರು ಕಾಮ್ 4 ಹೋಗಿ ಕಾಮ್ 7 ಆಯಿತು, ಮತ್ತೆ ಎಲ್ಲ ಬಂದ್. ಈಗ ಸರಿಯಾದ ತೂತಿನ ಪಕ್ಕ ಕೆಂಪು ನೇಲ್ ಪಾಲಿಶ್ ಬಳಿದಿದ್ದೇವೆ. ರೈಟರ್ ಪುಸ್ತಕವನ್ನು ಇನ್ನೂ ಪಕ್ಕದಲ್ಲೇ ಇಟ್ಟುಕೊಂಡಿದ್ದಾರೆ.