ಗೇರ್ ಬಾಕ್ಸ್‌ನ ಎಣ್ಣೆ ತೀರಾ ಜಾರಬಾರದು

"ಜಿಎಲ್-4 ಇಲ್ಲ, ಜಿಎಲ್-5 ಇದೆ. ಅದು ಇನ್ನೂ ಒಳ್ಳೇದು." ಗೇರ್ ಆಯಿಲ್ ವಿಷಯದಲ್ಲಿ ಇಷ್ಟು ಸಲೀಸಾಗಿ ಓಡಾಡುವ ತಪ್ಪು ಮಾತು ಇನ್ನೊಂದಿಲ್ಲ. ಐದು ನಾಲ್ಕಕ್ಕಿಂತ ದೊಡ್ಡದು, ಹಾಗಾಗಿ ಐದೇ ಮೇಲು ಅನ್ನುವುದು ಹೇಳುವವರ ಲೆಕ್ಕ. ಆದರೆ ಅಮೆರಿಕನ್ ಪೆಟ್ರೋಲಿಯಂ ಇನ್‌ಸ್ಟಿಟ್ಯೂಟ್ ಈ ನಂಬರ್‌ಗಳನ್ನು ಕೊಟ್ಟಿದ್ದು ಯಾವ ಎಣ್ಣೆ ಯಾವ ಬಗೆಯ ಗೇರಿಗೆ ಅಂತ ತಿಳಿಸಲು. ಜಿಎಲ್-5 ಇರುವುದು ಮುಖ್ಯವಾಗಿ ಆಕ್ಸಲ್‌ಗೆ, ಅಂದರೆ ಚಕ್ರಗಳನ್ನು ತಿರುಗಿಸುವ ಅಚ್ಚಿನ ಗೇರುಗಳಿಗೆ. ಮ್ಯಾನುಯಲ್ ಗೇರ್ ಬಾಕ್ಸ್‌ನಲ್ಲಿ ಆ ಆಕ್ಸಲ್‌ನಲ್ಲಿ ಇಲ್ಲದ ಒಂದು ಭಾಗ ಇದೆ. ಅದಕ್ಕೆ ತಿಕ್ಕಾಟ ಬೇಕು. ಎಣ್ಣೆಯೊಳಗೆ ಮುಳುಗಿದ್ದರೂ ಬೇಕು.

ಆ ಭಾಗದ ಹೆಸರು ಸಿಂಕ್ರೊ ರಿಂಗ್. ಸಾಮಾನ್ಯವಾಗಿ ಹಿತ್ತಾಳೆಯದು, ಬಳೆಯಷ್ಟು ದೊಡ್ಡದು. ನೀವು ಎರಡನೇ ಗೇರಿನಲ್ಲಿ ಇದ್ದೀರಿ, ಎಂಜಿನ್ ನಿಮಿಷಕ್ಕೆ 3000 ಸುತ್ತು ತಿರುಗುತ್ತಿದೆ ಅಂತಿಟ್ಟುಕೊಳ್ಳಿ. ಎರಡನೇ ಗೇರಿನ ಅನುಪಾತ 2, ಮೂರನೆಯದು 1.4. ಕಾರಿನ ವೇಗ ಬದಲಾಗದೆ ಮೂರನೇ ಗೇರಿಗೆ ಹೋಗಬೇಕಾದರೆ ಗೇರ್ ಬಾಕ್ಸ್‌ನ ಒಳಬರುವ ಶಾಫ್ಟ್ 3000ದಿಂದ 2100ಕ್ಕೆ ಇಳಿಯಬೇಕು. ಕ್ಲಚ್ ಒತ್ತಿದ್ದೀರಿ, ಎಂಜಿನ್ನಿನ ಹಿಡಿತ ತಪ್ಪಿದೆ. ಆದರೂ ಶಾಫ್ಟ್, ಅದರ ತುದಿಯ ಕ್ಲಚ್ ಪ್ಲೇಟ್, ಅದಕ್ಕೆ ಕಚ್ಚಿಕೊಂಡ ಗೇರುಗಳು ಎಲ್ಲ ತಮ್ಮ ಪಾಡಿಗೆ ತಿರುಗುತ್ತಲೇ ಇರುತ್ತವೆ. ಅವನ್ನು ತಡೆದು ನಿಧಾನ ಮಾಡುವವರು ಯಾರು?

ಈ ಪುಟ್ಟ ಉಂಗುರವೇ. ಗೇರಿನ ಪಕ್ಕದಲ್ಲಿ ಶಂಕುವಿನ ಆಕಾರದ ಒಂದು ನುಣುಪಾದ ಭಾಗ ಇದೆ. ಉಂಗುರದ ಒಳಮೈ ಅದರ ಮೇಲೆ ಕೂರುವ ಹಾಗಿದೆ. ನೀವು ಗೇರ್ ಲಿವರ್ ಸರಿಸಿದಾಗ ಸ್ಲೀವ್ (ಗೇರನ್ನು ಶಾಫ್ಟಿಗೆ ಕಚ್ಚಿಸುವ, ಒಳಗೆ ಹಲ್ಲುಗಳಿರುವ ಜಾರುವ ಬಳೆ) ಬಂದು ಉಂಗುರವನ್ನು ಶಂಕುವಿನ ಮೇಲೆ ಒತ್ತುತ್ತದೆ. ತಿರುಗುತ್ತಿರುವ ಸೈಕಲ್ ಚಕ್ರಕ್ಕೆ ಅಂಗೈ ಒತ್ತಿ ನಿಲ್ಲಿಸುವ ಕೆಲಸವೇ ಇದು. ಅಂಗೈಗೆ ಎಣ್ಣೆ ಸವರಿಕೊಂಡು ನಿಲ್ಲಿಸಿ ನೋಡೋಣ! ಅದಕ್ಕೇ ಉಂಗುರದ ಒಳಮೈಯಲ್ಲಿ ಸಣ್ಣ ಸಣ್ಣ ಗೀರುಗಳಿರುತ್ತವೆ. ಹೊಸ ಉಂಗುರದ ಮೇಲೆ ಉಗುರು ಎಳೆದರೆ ಚುರುಚುರು ಅನ್ನುತ್ತದೆ. ಆ ಗೀರಿನ ಅಂಚುಗಳು ಎಣ್ಣೆಯ ಪದರವನ್ನು ಕತ್ತರಿಸುತ್ತವೆ, ನಡುವಿನ ಕಾಲುವೆಗಳು ಎಣ್ಣೆಯನ್ನು ಆಚೆ ಸಾಗಿಸುತ್ತವೆ. ಆಗ ತಿಕ್ಕಾಟ ಶುರುವಾಗಿ ವೇಗ ಇಳಿಯುತ್ತದೆ.

ಇಲ್ಲಿಂದ ಮುಂದಿನದು ನನಗೆ ಬಹಳ ಇಷ್ಟದ ಭಾಗ. ಉಂಗುರದ ಹೊರ ಅಂಚಿನಲ್ಲೂ ಹಲ್ಲುಗಳಿವೆ. ಅದೇ ತಿಕ್ಕಾಟ ಉಂಗುರವನ್ನು ಒಂದು ಚೂರು ತಿರುಗಿಸಿ ಹಿಡಿಯುತ್ತದೆ. ಆಗ ಅದರ ಹಲ್ಲುಗಳು ಸ್ಲೀವ್‌ನ ಹಲ್ಲುಗಳಿಗೆ ಎದುರಾಗಿ ನಿಂತು ದಾರಿ ಕಟ್ಟುತ್ತವೆ. ವೇಗದಲ್ಲಿ ವ್ಯತ್ಯಾಸ ಇರುವವರೆಗೂ ತಿಕ್ಕಾಟ ಇರುತ್ತದೆ, ತಿಕ್ಕಾಟ ಇರುವವರೆಗೂ ದಾರಿ ಬಂದ್. ಎರಡೂ ವೇಗ ಒಂದಾದ ಕ್ಷಣ ಹಿಡಿತ ಸಡಿಲಾಗಿ ಉಂಗುರ ಪಕ್ಕಕ್ಕೆ ಸರಿಯುತ್ತದೆ, ಸ್ಲೀವ್ ಒಳಗೆ ಜಾರುತ್ತದೆ. ಸೆನ್ಸರ್ ಇಲ್ಲ, ಕಂಪ್ಯೂಟರ್ ಇಲ್ಲ. ಎಣ್ಣೆ ಜಾಸ್ತಿ ಜಾರುವಂಥದ್ದಾದರೆ ಉಂಗುರಕ್ಕೆ ದಾರಿ ಕಟ್ಟುವ ಶಕ್ತಿಯೇ ಸಾಲುವುದಿಲ್ಲ. ವೇಗ ಒಂದಾಗುವ ಮುಂಚೆಯೇ ಸ್ಲೀವ್ ನುಗ್ಗುತ್ತದೆ. ಕರ್ರ್ ಅಂತ ಕೇಳಿಸುವುದು ಅದೇ. ಎಣ್ಣೆ ತೀರಾ ಮಂದವಾದರೆ ಬೇರೆ ತೊಂದರೆ: ಪದರ ಬೇಗ ಹರಿಯುವುದಿಲ್ಲ, ಉಂಗುರದ ಹಿಡಿತ ತಡವಾಗುತ್ತದೆ. ಚಳಿಯ ಬೆಳಿಗ್ಗೆ ಎರಡನೇ ಗೇರ್ ಗಟ್ಟಿಯಾಗಿ ಬೀಳುವುದಕ್ಕೆ ಇದೇ ಕಾರಣ.

1928ರಲ್ಲಿ ಕ್ಯಾಡಿಲಾಕ್ ಕಾರುಗಳಲ್ಲಿ ಸಿಂಕ್ರೊಮೆಶ್, ಅಂದರೆ ಹೀಗೆ ವೇಗ ಹೊಂದಿಸುವ ಏರ್ಪಾಡು, ಮೊದಲು ಬಂತು, ಅರ್ಲ್ ಥಾಂಪ್ಸನ್ ಎಂಬ ಎಂಜಿನಿಯರ್‌ನಿಂದ. ಅದಕ್ಕೂ ಮುಂಚೆ ಚಾಲಕನೇ ಎರಡೆರಡು ಸಲ ಕ್ಲಚ್ ಒತ್ತಿ, ಕಿವಿಯಲ್ಲೇ ಅಂದಾಜು ಮಾಡಿ ವೇಗ ಹೊಂದಿಸಬೇಕಿತ್ತು. ಇದಕ್ಕೆ ಎರಡು ವರ್ಷ ಮೊದಲಷ್ಟೇ ಪ್ಯಾಕರ್ಡ್ ಕಾರುಗಳ ಆಕ್ಸಲ್‌ನಲ್ಲಿ ಹೈಪಾಯ್ಡ್ ಗೇರ್ ಬಂದಿತ್ತು. ಅದರಲ್ಲಿ ಚಿಕ್ಕ ಗೇರು ದೊಡ್ಡದರ ನಡುಮಧ್ಯಕ್ಕಿಂತ ಕೆಳಗೆ ಕೂರುತ್ತದೆ. ಹಾಗಾಗಿ ಹಲ್ಲುಗಳು ಉರುಳುವುದರ ಜೊತೆಗೆ ಒಂದರ ಮೇಲೊಂದು ಉದ್ದಕ್ಕೂ ಜಾರುತ್ತವೆ. ಆ ಒತ್ತಡಕ್ಕೆ ಎಣ್ಣೆಯ ಪದರ ಹರಿದುಹೋಗುತ್ತದೆ. ಅದಕ್ಕೆ ಎಣ್ಣೆಗೆ ಗಂಧಕ, ರಂಜಕದ ಸಂಯುಕ್ತಗಳನ್ನು ಬೆರೆಸುತ್ತಾರೆ. ಹಲ್ಲು ಬಿಸಿಯಾದ ಜಾಗದಲ್ಲಿ ಅವು ಉಕ್ಕಿನ ಜೊತೆ ಸೇರಿ ತೆಳು ಪದರ ಕಟ್ಟುತ್ತವೆ, ಉಕ್ಕಿನ ಬದಲು ಆ ಪದರ ಸವೆಯುತ್ತದೆ. ಗೇರ್ ಆಯಿಲಿನ ಆ ಗಬ್ಬು ವಾಸನೆ ಗಂಧಕದ್ದೇ. ಜಿಎಲ್-5ರಲ್ಲಿ ಈ ಮಸಾಲೆ ಜಿಎಲ್-4ರ ಹೆಚ್ಚುಕಡಿಮೆ ಎರಡರಷ್ಟು.

ಈ ಗಂಧಕ ಹಿತ್ತಾಳೆಯಲ್ಲಿರುವ ತಾಮ್ರವನ್ನೂ ಬಿಡುವುದಿಲ್ಲ. ಇದನ್ನು ಅಳೆಯಲು ಒಂದು ಸರಳ ಪರೀಕ್ಷೆ ಇದೆ. ಉಜ್ಜಿ ಹೊಳೆಯುವಂತೆ ಮಾಡಿದ ತಾಮ್ರದ ಪಟ್ಟಿಯನ್ನು ಬಿಸಿ ಎಣ್ಣೆಯಲ್ಲಿ ಕೆಲವು ಗಂಟೆ ಮುಳುಗಿಸಿಟ್ಟು, ಎಷ್ಟು ಕಪ್ಪಾಯಿತು ಅಂತ ಬಣ್ಣದ ಮಾದರಿಗೆ ಹೋಲಿಸಿ ನೋಡುವುದು. "ಜಿಎಲ್-5 ಹಿತ್ತಾಳೆಯನ್ನು ತಿಂದೇಬಿಡುತ್ತದೆ" ಅನ್ನುವುದೂ ಅತಿಯಾಯಿತು. ಈಗಿನ ಎಣ್ಣೆಗಳಲ್ಲಿ ತಾಮ್ರವನ್ನು ಕಾಯುವ ರಾಸಾಯನಿಕಗಳೂ ಇರುತ್ತವೆ. ನನ್ನ ತಕರಾರು ತಿಕ್ಕಾಟದ ಬಗ್ಗೆ. ಆಕ್ಸಲ್‌ಗೆ ಅಂತ ಮಾಡಿದ ಎಣ್ಣೆಯಲ್ಲಿ ಸಿಂಕ್ರೊ ಉಂಗುರದ ಯೋಚನೆಯನ್ನೇ ಯಾರೂ ಮಾಡಿರುವುದಿಲ್ಲ.

ಹಾಗಂತ ಜಿಎಲ್-5 ಎಂದರೆ ದೂರ ಓಡಬೇಕಿಲ್ಲ. ಸುಬಾರು ತನ್ನ ಹಲವು ಮ್ಯಾನುಯಲ್ ಗೇರ್ ಬಾಕ್ಸ್‌ಗಳಿಗೆ ಅದನ್ನೇ ಹೇಳುತ್ತದೆ, ಯಾಕೆಂದರೆ ಅಲ್ಲಿ ಹೈಪಾಯ್ಡ್ ಗೇರೂ ಅದೇ ಪೆಟ್ಟಿಗೆಯಲ್ಲಿದೆ, ಉಂಗುರಗಳನ್ನೂ ಅದಕ್ಕೆ ತಕ್ಕಂತೆ ಮಾಡಿದ್ದಾರೆ. ಎಂಜಿನ್ ಅಡ್ಡಲಾಗಿ ಕೂತಿರುವ ಫ್ರಂಟ್ ವೀಲ್ ಡ್ರೈವ್ ಕಾರುಗಳಲ್ಲಿ ಡಿಫರೆನ್ಶಿಯಲ್ (ಎರಡೂ ಚಕ್ರಗಳಿಗೆ ಶಕ್ತಿ ಹಂಚುವ ಗೇರುಗಳು) ಗೇರ್ ಬಾಕ್ಸ್ ಒಳಗೇ ಇದ್ದರೂ ಹೈಪಾಯ್ಡ್ ಬೇಕಾಗುವುದಿಲ್ಲ. ಹೋಂಡಾ ಒಂದು ಕಾಲದಲ್ಲಿ ಎಂಜಿನ್ ಆಯಿಲನ್ನೇ ಹಾಕಿ ಅನ್ನುತ್ತಿತ್ತು. 1959ರ ಮಿನಿ ಕಾರಿನಲ್ಲಂತೂ ಎಂಜಿನ್‌ಗೂ ಗೇರ್ ಬಾಕ್ಸ್‌ಗೂ ಒಂದೇ ಎಣ್ಣೆ. ಕೆಲವು ಮ್ಯಾನುಯಲ್ ಗೇರ್ ಬಾಕ್ಸ್‌ಗಳಿಗೆ ಎಟಿಎಫ್, ಅಂದರೆ ಆಟೊಮ್ಯಾಟಿಕ್ ಗೇರ್ ಬಾಕ್ಸ್‌ನ ಎಣ್ಣೆ, ಹಾಕುತ್ತಾರೆ. ಅಂದಹಾಗೆ, 1970ರ ದಶಕದ ಶುರುವಿನಲ್ಲಿ ಅಮೆರಿಕ ನಿಷೇಧಿಸುವವರೆಗೂ ಎಟಿಎಫ್‌ನ ತಿಕ್ಕಾಟವನ್ನು ಹದಕ್ಕೆ ತರಲು ಸ್ಪರ್ಮ್ ತಿಮಿಂಗಿಲದ ಎಣ್ಣೆ ಬಳಸುತ್ತಿದ್ದರು!

ಇನ್ನೊಂದು ಗೊಂದಲ 75ಡಬ್ಲ್ಯೂ-90 ಅನ್ನುವ ಬರಹದ್ದು. 90 ಅಂದರೆ 40ರ ಎಂಜಿನ್ ಆಯಿಲಿಗಿಂತ ಎರಡರಷ್ಟು ಮಂದ ಅಂತ ಬಹಳ ಜನ ನಂಬಿದ್ದಾರೆ. ಎರಡರದ್ದೂ ಅಳತೆಗೋಲು ಬೇರೆ ಬೇರೆ. 100 ಡಿಗ್ರಿ ಸೆಲ್ಸಿಯಸ್‌ನಲ್ಲಿ 90ರ ಗೇರ್ ಆಯಿಲ್ 13.5ರಿಂದ 18.5 ಸೆಂಟಿಸ್ಟೋಕ್ಸ್ (ಎಣ್ಣೆ ಎಷ್ಟು ಮಂದ ಅಂತ ಅಳೆಯುವ ಮಾನ). 40ರ ಎಂಜಿನ್ ಆಯಿಲ್ 12.5ರಿಂದ 16.3. ಅಕ್ಕಪಕ್ಕದವರು, ಅಲ್ವಾ? ಡಬ್ಲ್ಯೂಗೆ ಮೊದಲು ಬರುವ ಅಂಕಿ ಚಳಿಯಲ್ಲಿ ಎಣ್ಣೆ ಎಷ್ಟು ಮಂದವಾಗುತ್ತದೆ ಅನ್ನುವುದಕ್ಕೆ ಸಂಬಂಧಿಸಿದ್ದು. 80ಡಬ್ಲ್ಯೂ ಮೈನಸ್ 26 ಡಿಗ್ರಿಯಲ್ಲಿ ಪಾಸಾಗಬೇಕಾದ ಪರೀಕ್ಷೆಯನ್ನು 75ಡಬ್ಲ್ಯೂ ಮೈನಸ್ 40ರಲ್ಲಿ ಪಾಸಾಗಬೇಕು.

ಹಾಗಾದರೆ ಯಾವುದನ್ನು ಹಾಕೋದು? ಕಾರಿನ ಜೊತೆ ಬಂದ ಪುಸ್ತಕ ಏನು ಹೇಳುತ್ತದೋ ಅದನ್ನು. ಗ್ರೇಡ್, ಜಿಎಲ್ ನಂಬರ್ ಎರಡನ್ನೂ ನೋಡಿ. ಗೇರ್ ಬಾಕ್ಸ್ ಗುಂಯ್‌ಗುಡುತ್ತಿದ್ದರೆ ಮಂದ ಎಣ್ಣೆ ಹಾಕಿ ಬಾಯಿ ಮುಚ್ಚಿಸಬೇಡಿ. ಸವೆದ ಬೇರಿಂಗ್ ಸವೆಯುತ್ತಲೇ ಇರುತ್ತದೆ, ಸದ್ದು ಮಾತ್ರ ಅಡಗುತ್ತದೆ. "ನುಣುಪು ಹೆಚ್ಚಿಸುವ" ಬಾಟಲಿ ಮದ್ದುಗಳಂತೂ ಸುಮ್ನೆ ದುಡ್ಡು ಕೊಟ್ಟು ಉಂಗುರದ ಹಿಡಿತ ಕೆಡಿಸಿಕೊಂಡ ಹಾಗೆ.

ನೀವೇ ಬದಲಾಯಿಸುವುದಾದರೆ ಮೊದಲು ಎಣ್ಣೆ ತುಂಬಿಸುವ ಬೋಲ್ಟ್ ಬಿಚ್ಚಿ, ಆಮೇಲೆ ಕೆಳಗಿನದು. ಮೇಲಿನದು ತುಕ್ಕು ಹಿಡಿದು ಕೂತಿದ್ದರೆ, ಖಾಲಿ ಮಾಡಿದ ಗೇರ್ ಬಾಕ್ಸ್‌ಗೆ ಎಣ್ಣೆ ಹಾಕುವ ದಾರಿಯೇ ಇರುವುದಿಲ್ಲ. ಕೆಳಗಿನ ಬೋಲ್ಟಿನಲ್ಲಿ ಆಯಸ್ಕಾಂತ ಇದ್ದರೆ ಅದಕ್ಕೆ ಅಂಟಿದ ಬೂದುಬಣ್ಣದ ಕೆಸರನ್ನು ಬೆರಳಲ್ಲಿ ಉಜ್ಜಿ ನೋಡಿ. ನುಣ್ಣಗಿದ್ದರೆ ಅದು ಮಾಮೂಲಿ ಸವೆತ. ಚೂರುಗಳು ಸಿಕ್ಕರೆ ಮೆಕ್ಯಾನಿಕ್‌ಗೆ ತೋರಿಸಿ. ಹಳೇ ಎಣ್ಣೆಯನ್ನು ಬಿಸಿಲಿಗೆ ಹಿಡಿದಾಗ ಚಿನ್ನದ ಬಣ್ಣದ ಪುಡಿ ಮಿನುಗಿದರೆ ಅದು ಆಯಸ್ಕಾಂತಕ್ಕೆ ಸಿಗದ ಹಿತ್ತಾಳೆ, ಉಂಗುರದಿಂದ ಬಂದಿದ್ದು.