ಹಡಗು 1921ರದ್ದು, ಪರಿಣಾಮ 1928ರದ್ದು

ಫೆಬ್ರವರಿ ಬಂತೆಂದರೆ ನನಗೆ ಶಾಲೆಗಳಿಂದ ಕರೆ ಶುರು. ವರ್ಷವಿಡೀ ರಾಮನ್ ಸ್ಪೆಕ್ಟ್ರೋಮೀಟರ್ (ಬೆಳಕು ಬಿಟ್ಟು ವಸ್ತು ಯಾವುದೆಂದು ಗುರುತಿಸುವ ಯಂತ್ರ) ಜೊತೆ ಏಗುವವನು, ವಿಜ್ಞಾನ ದಿನಕ್ಕೆ ತೀರ್ಪುಗಾರನಾಗಿ ಸುಲಭವಾಗಿ ಸಿಗುತ್ತೇನೆ. ಹೋದಲ್ಲೆಲ್ಲ ಒಂದು ಥರ್ಮೋಕೋಲ್ ಹಡಗು ಇದ್ದೇ ಇರುತ್ತದೆ. ಸುತ್ತ ನೀಲಿ ಬಳಿದ ಸಮುದ್ರ. ಕೆಳಗೆ ದಪ್ಪಕ್ಷರದಲ್ಲಿ: ‘ಸಮುದ್ರ ಯಾಕೆ ನೀಲಿ? ರಾಮನ್ ಪರಿಣಾಮ!’

ಮಕ್ಕಳನ್ನು ಬಿಡಿ. ಒಮ್ಮೆ ಔಷಧದ ಪುಡಿ ಪರೀಕ್ಷೆಗೆ ತಂದಿದ್ದ ಹಿರಿಯರೊಬ್ಬರು ಕೇಳಿದರು, “ಸಮುದ್ರದ ಬಣ್ಣ ಹೇಳೋ ಮೆಷಿನ್ನಿಗೆ ಕಲಬೆರಕೆ ಹೇಗ್ರೀ ಗೊತ್ತಾಗುತ್ತೆ?” ಒಳ್ಳೆಯ ಪ್ರಶ್ನೆ. ಅವರು ತಿಳಿದಿದ್ದೇ ನಿಜವಾಗಿದ್ದರೆ ಗೊತ್ತಾಗುತ್ತಲೇ ಇರಲಿಲ್ಲ.

ಹಡಗಿನ ಕತೆ ಸುಳ್ಳಲ್ಲ. 1921ರಲ್ಲಿ ರಾಮನ್ ಇಂಗ್ಲೆಂಡಿನಿಂದ ‘ನಾರ್ಕುಂಡ’ ಹಡಗಿನಲ್ಲಿ ವಾಪಸಾಗುತ್ತಿದ್ದರು. ಸಮುದ್ರದ ನೀಲಿ ಬರೀ ಆಕಾಶದ ಪ್ರತಿಬಿಂಬ ಎಂದು ಇಂಗ್ಲೆಂಡಿನ ವಿಜ್ಞಾನಿ ರೇಲಿ ಹೇಳಿದ್ದರು. ರಾಮನ್ ಬಳಿ ಒಂದು ನಿಕೋಲ್ ಪ್ರಿಸಂ ಇತ್ತು. ಅದನ್ನು ಸರಿಯಾದ ಕೋನದಲ್ಲಿ ಹಿಡಿದು ತಿರುಗಿಸಿದರೆ ನೀರಿನ ಮೇಲ್ಮೈಯ ಹೊಳಪು ಮಾಯವಾಗುತ್ತದೆ. ಹೊಳಪು ಹೋಯಿತು, ನೀಲಿ ಹೋಗಲಿಲ್ಲ. ನೀರಿನ ಅಣುಗಳೇ ಬೆಳಕನ್ನು ಚದುರಿಸುತ್ತಿವೆ ಎಂದು ಅವರು ಬರೆದರು. (ನೀರು ಕೆಂಪನ್ನು ಹೀರಿಕೊಳ್ಳುವುದಕ್ಕೂ ಈ ನೀಲಿಯಲ್ಲಿ ದೊಡ್ಡ ಪಾಲಿದೆ, ಅದನ್ನೂ ಸೇರಿಸಿಯೇ ಹೇಳಬೇಕು.)

ಈಗ ಎಲ್ಲರೂ ಎಡವುವ ಜಾಗ. ಸಮುದ್ರದಿಂದ ಬರುವ ಆ ನೀಲಿ ಸೂರ್ಯನ ಬೆಳಕಿನಲ್ಲಿ ಮೊದಲೇ ಇತ್ತು. ನೀರು ಅದನ್ನು ಆರಿಸಿ ಕೊಟ್ಟಿತು, ಅಷ್ಟೇ. ಜರಡಿ ಹಿಡಿದ ಹಾಗೆ: ರವೆ ಬೇರೆ, ಹಿಟ್ಟು ಬೇರೆ ಆಗುತ್ತದೆ, ಹೊಸದೇನೂ ಹುಟ್ಟುವುದಿಲ್ಲ. ರಾಮನ್ ಪರಿಣಾಮದಲ್ಲಿ ಹಾಗಲ್ಲ. ಒಳಗೆ ಹೋಗದ ಬಣ್ಣ ಹೊರಗೆ ಬರುತ್ತದೆ.

ನಮ್ಮ ಲ್ಯಾಬಿನಲ್ಲಿ ಬೆಂಜೀನ್ ತುಂಬಿದ ಸಣ್ಣ ಸೀಸೆಗೆ ಹಸಿರು ಲೇಸರ್ ಬಿಡುತ್ತೇನೆ. ತರಂಗಾಂತರ 532 ನ್ಯಾನೋಮೀಟರ್, ಒಂದೇ ಬಣ್ಣ. ಚದುರಿದ ಬೆಳಕಿನಲ್ಲಿ ಹಸಿರನ್ನು ಫಿಲ್ಟರ್ ಹಾಕಿ ತಡೆದರೆ ಏನೂ ಉಳಿಯಬಾರದು, ಅಲ್ವಾ? ಆದರೆ ಪರದೆಯಲ್ಲಿ 562ರ ಹತ್ತಿರ ಒಂದು ಚೂಪಾದ ಗೆರೆ ಏಳುತ್ತದೆ. ಬೆಳಕು ತನ್ನ ಶಕ್ತಿಯಲ್ಲಿ ಸ್ವಲ್ಪವನ್ನು ಬೆಂಜೀನ್ ಅಣುವಿನ ಕಂಪನಕ್ಕೆ ಕೊಟ್ಟು ಬಂದಿದೆ. ಎಷ್ಟು ಕೊಟ್ಟಿತು ಎನ್ನುವುದು ಅಣುವಿನಿಂದ ಅಣುವಿಗೆ ಬೇರೆ. ಅದಕ್ಕೇ ಆ ಹಿರಿಯರ ಪುಡಿ ತನ್ನ ಗುಟ್ಟು ಬಿಟ್ಟುಕೊಟ್ಟಿದ್ದು. ಹಾಗಂತ ಎಲ್ಲ ಕಲಬೆರಕೆಯೂ ಸಿಗುತ್ತದೆ ಎಂದು ನಾನು ಯಾರಿಗೂ ಮಾತು ಕೊಡುವುದಿಲ್ಲ. ತೀರಾ ಕಡಿಮೆ ಇದ್ದರೆ ಕಾಣದು. ಲೇಸರ್ ಬಿದ್ದು ಮಾದರಿಯೇ ಮಿನುಗತೊಡಗಿದರೆ (ಫ್ಲೋರೆಸೆನ್ಸ್ ಎನ್ನುತ್ತೇವೆ) ಗೆರೆಗಳೆಲ್ಲ ಮುಳುಗುತ್ತವೆ.

ಈ ಮಿನುಗಿನ ಅನುಮಾನವೇ ರಾಮನ್ ತಂಡವನ್ನೂ ಕಾಡಿದ್ದು. 1923ರಲ್ಲೇ ರಾಮನ್ ಶಿಷ್ಯ ಕೆ.ಆರ್. ರಾಮನಾಥನ್ ಅವರಿಗೆ ನೀರಿನಲ್ಲಿ ಬಣ್ಣ ಬದಲಾದ ಆ ಮಂದ ಬೆಳಕು ಕಂಡಿತ್ತು. ಕೊಳೆ ಇರಬೇಕು ಎಂದುಕೊಂಡರು. ಶುದ್ಧ ಮಾಡಿದರು, ಮತ್ತೆ ಮಾಡಿದರು, ಬೆಳಕು ಹೋಗಲೇ ಇಲ್ಲ. 1928ರಲ್ಲಿ ಇನ್ನೊಬ್ಬ ಶಿಷ್ಯ ಕೆ.ಎಸ್. ಕೃಷ್ಣನ್ ಜೊತೆ ರಾಮನ್ ಅದರ ಬೆನ್ನು ಹತ್ತಿದರು. ಕಲ್ಕತ್ತದ ಬೌಬಜಾರಿನ ಲ್ಯಾಬು. ಲೇಸರ್ ಎಲ್ಲಿ ಬಂತು! ಬಿಸಿಲು, ಮಸೂರ, ಬಣ್ಣದ ಫಿಲ್ಟರ್, ಆಮೇಲೆ ಪಾದರಸದ ದೀಪ. ಸುಮಾರು 60 ದ್ರವಗಳನ್ನು ನೋಡಿದರು. ಕೋಟಿಗೆ ಒಂದು ಕಣದಷ್ಟು ಬೆಳಕನ್ನು ಬರಿಗಣ್ಣಿನಲ್ಲಿ ಹುಡುಕುವ ಕೆಲಸ. ನಮ್ಮ ಡಿಟೆಕ್ಟರ್ ಸ್ವಲ್ಪ ಬಿಸಿಯಾದರೆ ನಾನು ಗೊಣಗುತ್ತೇನೆ.

ಪೋಸ್ಟರುಗಳಲ್ಲಿ ಕೃಷ್ಣನ್ ಫೋಟೋ ಮಾತ್ರ ನಾನಿನ್ನೂ ನೋಡಿಲ್ಲ.

ಕಳೆದ ಸಲ ಒಂದು ಹುಡುಗಿ ಇದನ್ನೆಲ್ಲ ಸುಮ್ನೆ ನಿಂತು ಕೇಳಿದಳು. ಅವಳ ಹಡಗಿನ ಕೆಳಗೆ ರಾಮನ್ ಪರಿಣಾಮ ಸಿಕ್ಕ ದಿನ, ‘28 ಫೆಬ್ರವರಿ 1928’ ಎಂದಿತ್ತು. ಎರಡು ದಿನ ಕೂತು ಅಂಟಿಸಿದ ಹಡಗು.

“ಹಡಗು ಕಿತ್ತುಬಿಡ್ಲಾ ಸರ್?”

“ಬೇಡಮ್ಮ. 1921 ಅಂತ ಬರಿ. ಪಕ್ಕದಲ್ಲಿ ಒಂದು ಸೀಸೆ ಬಿಡಿಸು.”

ಸೀಸೆ ಬಿಡಿಸಿದಳು. ಒಳಗೆ ಹೋಗುವ ಗೆರೆಗೆ ಹಸಿರು ಸ್ಕೆಚ್ ಪೆನ್ ಹಚ್ಚಿ, ಹೊರಗೆ ಬರುವುದಕ್ಕೆ ಯಾವ ಬಣ್ಣ ಎಂದು ಡಬ್ಬಿಯಲ್ಲಿ ಹುಡುಕತೊಡಗಿದಳು.