ಧಾತುಪಟ್ಟಿ ಬಾಯಿಪಾಠ ಮಾಡಿದರೆ ಇಂಗ್ಲಿಷ್ ಬರುತ್ತದೆಯೇ?

ಪ್ರಶ್ನೆ: ವಿಜಯಪುರದಲ್ಲಿ ಕೋಣೆ ಮಾಡಿಕೊಂಡು ಎಫ್‌ಡಿಎ ಮತ್ತು ಬ್ಯಾಂಕ್ ಪರೀಕ್ಷೆಗಳಿಗೆ ಓದುತ್ತಿದ್ದೇನೆ. ಓದಿದ್ದು ಕನ್ನಡ ಮಾಧ್ಯಮದಲ್ಲಿ. ಲ್ಯಾಟಿನ್ ಧಾತುಗಳನ್ನು ಬಾಯಿಪಾಠ ಮಾಡಿದರೆ ನಿಘಂಟು ನೋಡದೆಯೇ ಸಾವಿರಾರು ಇಂಗ್ಲಿಷ್ ಪದಗಳ ಅರ್ಥ ತಿಳಿಯುತ್ತದೆ ಎನ್ನುತ್ತಾರೆ. ಇದು ನಿಜವೇ ಸರ್?

ಉತ್ತರ: ನಿಜವಲ್ಲ. ಎಷ್ಟು ಸಲ ಹೇಳಿದರೂ ಹೊಸ ಬ್ಯಾಚ್ ಬರುವಷ್ಟರಲ್ಲಿ ಜೆರಾಕ್ಸ್ ಅಂಗಡಿಯಲ್ಲಿ ಅದೇ ಪಟ್ಟಿ ಮತ್ತೆ ಸಿದ್ಧವಾಗಿರುತ್ತದೆ. ಎಡಕ್ಕೆ ಧಾತು, ಬಲಕ್ಕೆ ಅರ್ಥ. ‘ಪೆಡ್’ ಎಂದರೆ ಕಾಲು, ‘ಪೋರ್ಟ್’ ಎಂದರೆ ಹೊರು, ‘ಇನ್’ ಎಂದರೆ ಅಲ್ಲ. ಹಾಗಾಗಿ ಈ ಸಲ ಪೂರ್ತಿ ಬಿಡಿಸಿಯೇ ಹೇಳುತ್ತೇನೆ.

‘ಇನ್’ ಅನ್ನೇ ನೋಡೋಣ. ‘ಇನ್‌ಕರೆಕ್ಟ್’ ಎಂದರೆ ಸರಿಯಲ್ಲದ್ದು, ಒಪ್ಪಿದೆ. ಸೋಲಾಪುರ ರಸ್ತೆಯಲ್ಲಿ ಹೋಗುವ ಪೆಟ್ರೋಲ್ ಟ್ಯಾಂಕರಿನ ಹಿಂದೆ ‘ಹೈಲಿ ಇನ್‌ಫ್ಲೇಮಬಲ್’ ಎಂದು ಬರೆದಿರುತ್ತದೆ. ಪಟ್ಟಿಯ ಲೆಕ್ಕದಲ್ಲಿ ಅದು ‘ಬೆಂಕಿ ಹತ್ತದ್ದು’ ಎಂದಾಗಬೇಕು. ಅದನ್ನು ನಂಬಿ ಪಕ್ಕದಲ್ಲಿ ಬೀಡಿ ಹಚ್ಚಿದವನ ಪ್ರಾಣ ಉಳಿಯುವುದಿಲ್ಲ. ಲ್ಯಾಟಿನ್ನಿನಲ್ಲಿ ‘ಇನ್’ ಎರಡಿವೆ. ಒಂದು ನಿಷೇಧ ಹೇಳುತ್ತದೆ, ಇನ್ನೊಂದು ‘ಒಳಗೆ, ಒಳಕ್ಕೆ’ ಎನ್ನುತ್ತದೆ. ಟ್ಯಾಂಕರಿನ ಮೇಲಿರುವುದು ಎರಡನೆಯದು. ಇಂಗ್ಲಿಷ್ ಮನೆಮಾತಾಗಿರುವವರೂ ಇಲ್ಲಿ ಎಡವುತ್ತಾರೆಂದೇ ಅಮೆರಿಕದ ಅಗ್ನಿಸುರಕ್ಷತೆಯವರು ಕಳೆದ ಶತಮಾನದಲ್ಲಿ ‘ಫ್ಲೇಮಬಲ್’ ಎಂಬ ರೂಪವನ್ನು ರೂಢಿಗೆ ತಂದರು.

‘ಪೆಡ್’ ಕೂಡ ಹಾಗೆಯೇ. ‘ಪೆಡಲ್’, ‘ಪೆಡೆಸ್ಟ್ರಿಯನ್’ ಕಾಲಿನಿಂದಲೇ ಬಂದವು. ‘ಪೀಡಿಯಾಟ್ರಿಶಿಯನ್’ ಮಾತ್ರ ಮಕ್ಕಳ ವೈದ್ಯರು, ಅದರ ಮೂಲ ‘ಮಗು’ ಎಂಬ ಗ್ರೀಕ್ ಪದ.

ಧಾತುವನ್ನು ಸರಿಯಾಗಿಯೇ ಗುರುತಿಸಿದಿರಿ ಎಂದುಕೊಳ್ಳಿ. ಆಗಲೂ ಅರ್ಥ ಕೈಗೆ ಸಿಗುವುದಿಲ್ಲ. ‘ಕಾಪೆರೆ’ ಎಂದರೆ ಹಿಡಿ, ತೆಗೆದುಕೊಳ್ಳು. ‘ರಿಸೀವ್’, ‘ಪರ್ಸೀವ್’, ‘ಕನ್ಸೀವ್’, ‘ಡಿಸೀವ್’ ನಾಲ್ಕೂ ಅದರಿಂದಲೇ ಹುಟ್ಟಿದವು. ಹಿಡಿಯುವುದರಿಂದ ಮೋಸ ಮಾಡುವುದಕ್ಕೆ ದಾರಿ ಯಾವುದು, ಪಟ್ಟಿ ನೋಡಿ ಹೇಳಿ! ಕನ್ನಡ ಓದಿದವರಿಗೆ ಇದು ಅಚ್ಚರಿಯಾಗಬಾರದು. ಪ್ರಹಾರ, ಆಹಾರ, ಸಂಹಾರ, ವಿಹಾರ, ಪರಿಹಾರ: ಐದಕ್ಕೂ ಧಾತು ‘ಹೃ’. ಉಪಸರ್ಗವು, ಅಂದರೆ ಧಾತುವಿನ ಹಿಂದೆ ಸೇರುವ ‘ಪ್ರ’, ‘ಆ’, ‘ಸಂ’ ಮುಂತಾದವು, ಧಾತುವಿನ ಅರ್ಥವನ್ನು ಬಲವಂತದಿಂದ ಬೇರೆಡೆಗೆ ಒಯ್ಯುತ್ತದೆ ಎಂದು ಇದೇ ಐದು ಪದಗಳನ್ನಿಟ್ಟು ಹೇಳುವ ಶ್ಲೋಕ ಸಂಸ್ಕೃತ ಕಲಿತವರಿಗೆಲ್ಲ ಗೊತ್ತು. ಇಂಡಿಯಲ್ಲೋ ಸಿಂದಗಿಯಲ್ಲೋ ಬೆಳೆ ಪರಿಹಾರಕ್ಕೆ ಅರ್ಜಿ ಹಾಕುವ ರೈತ ಆ ಪದವನ್ನು ಬಳಕೆಯಿಂದ ಕಲಿತಿದ್ದಾನೆ. ಧಾತುವಿನಿಂದ ಅರ್ಥ ತೆಗೆಯಲು ಹೊರಟಿದ್ದರೆ ಅವನು ತಹಸೀಲ್ದಾರರ ಕಚೇರಿ ಮುಟ್ಟುತ್ತಲೇ ಇರಲಿಲ್ಲ.

ಕಾಲವೂ ಅರ್ಥವನ್ನು ತಿರುಗಿಸಿಬಿಡುತ್ತದೆ. ‘ಮ್ಯಾನುಫ್ಯಾಕ್ಚರ್’ ಮೂಲದಲ್ಲಿ ಕೈಯಿಂದ ಮಾಡುವುದು, ಈಗ ಯಂತ್ರದ್ದು. ‘ನೈಸ್’ ಪದದ ಲ್ಯಾಟಿನ್ ಮೂಲಕ್ಕೆ ‘ಅಜ್ಞಾನಿ’ ಎಂಬ ಅರ್ಥವಿತ್ತು.

ಹಾಗಾದರೆ ಧಾತುಗಳು ವ್ಯರ್ಥವೇ? ಖಂಡಿತ ಅಲ್ಲ, ನಾನೇ ಆಸೆಯಿಂದ ಕಲಿಸುತ್ತೇನೆ. ಆದರೆ ಮೊದಲು ಪದ, ಅದು ಬಂದ ವಾಕ್ಯ, ನಿಘಂಟಿನ ಅರ್ಥ, ಧಾತು ಆಮೇಲೆ. ‘ಇನ್‌ಸ್ಪೆಕ್ಟರ್’, ‘ಸಸ್ಪೆಕ್ಟ್’, ‘ರೆಸ್ಪೆಕ್ಟ್’ ನಿಮಗೆ ಈಗಾಗಲೇ ಗೊತ್ತು. ಮೂರರಲ್ಲೂ ‘ನೋಡು’ ಇದೆ ಎಂದು ತಿಳಿದ ಮೇಲೆ ‘ಸರ್ಕಮ್‌ಸ್ಪೆಕ್ಟ್’ ಎದುರಾದರೆ, ಸುತ್ತ ನೋಡಿ ಹೆಜ್ಜೆಯಿಡುವವನು ಎಂದು ಒಮ್ಮೆ ಓದಿದ್ದು ಮರೆಯುವುದಿಲ್ಲ. ಧಾತು ನೆನಪಿಗೆ ಆಧಾರ, ಊಹೆಗೆ ಪರವಾನಗಿಯಲ್ಲ.

ಕನ್ನಡ ಮಾಧ್ಯಮದವರಿಗೆ ಇಲ್ಲೊಂದು ಅನುಕೂಲವೂ ಇದೆ. ದಂತ ಗೊತ್ತಿದ್ದವನಿಗೆ ‘ಡೆಂಟಿಸ್ಟ್’, ನಾಮ ಗೊತ್ತಿದ್ದವನಿಗೆ ‘ನಾಮಿನೇಟ್’, ಅಗ್ನಿಗೆ ‘ಇಗ್ನಿಷನ್’, ದಶಕ್ಕೆ ‘ಡೆಸಿಮಲ್’. ಸಂಸ್ಕೃತ, ಗ್ರೀಕ್, ಲ್ಯಾಟಿನ್ ಒಂದೇ ಮೂಲದವು ಎಂದು ಸಂಸ್ಕೃತ ಕಲಿತ ಬ್ರಿಟಿಷ್ ನ್ಯಾಯಾಧೀಶ ವಿಲಿಯಂ ಜೋನ್ಸ್ ಕಲ್ಕತ್ತೆಯಲ್ಲಿ 1786ರಲ್ಲೇ ಹೇಳಿದ್ದರು. ಸದ್ದು ಹೋಲುವುದೆಲ್ಲ ನಂಟಲ್ಲ ಎಂಬುದನ್ನೂ ಗಮನದಲ್ಲಿಡಿ: ಲ್ಯಾಟಿನ್ನಿನ ‘ದಿಯೆಸ್’ ಮತ್ತು ಇಂಗ್ಲಿಷಿನ ‘ಡೇ’ ಎರಡಕ್ಕೂ ದಿನ ಎಂದೇ ಅರ್ಥ, ಆದರೂ ಎರಡರ ಮೂಲ ಬೇರೆ.

ನೀವು ಕೇಳಿಲ್ಲ, ಆದರೂ ಹೇಳಿಬಿಡುತ್ತೇನೆ. ಇಷ್ಟೆಲ್ಲ ಲ್ಯಾಟಿನ್ ಇದ್ದರೂ ಇಂಗ್ಲಿಷ್ ಲ್ಯಾಟಿನ್ನಿನಿಂದ ಹುಟ್ಟಿದ ಭಾಷೆಯಲ್ಲ, ಜರ್ಮನ್, ಡಚ್ ಭಾಷೆಗಳ ಕುಟುಂಬಕ್ಕೆ ಸೇರಿದ್ದು. 1066ರಲ್ಲಿ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದ ಮೇಲೆ ‘ಕೋರ್ಟ್’, ‘ಜಡ್ಜ್’, ‘ಟ್ಯಾಕ್ಸ್’ ಫ್ರೆಂಚಿನ ಮೂಲಕ ಬಂದವು. ಮುಂದೆ ವಿದ್ವಾಂಸರು ನೇರವಾಗಿ ಲ್ಯಾಟಿನ್ನಿನಿಂದಲೇ ರಾಶಿ ಪದಗಳನ್ನು ತಂದರು. ನಮ್ಮಲ್ಲೂ 1686ರವರೆಗೆ ಆದಿಲ್‌ಶಾಹಿಗಳು ಆಳಿದರು. ಅರ್ಜಿ, ಜಮೀನು, ಖಜಾನೆ, ತಹಸೀಲ್ದಾರ ಮುಂತಾದವು ಅಂಥ ಆಳ್ವಿಕೆಗಳ ಕಾಲದಲ್ಲಿ ಪಾರಸಿಯಿಂದ ಬಂದವು. ಮನೆ, ನೀರು, ಹೊಲ, ಎತ್ತು ಕನ್ನಡದವಾಗಿಯೇ ಉಳಿದವು. ಅಲ್ಲಿಯೂ ‘ಹೌಸ್’, ‘ವಾಟರ್’, ‘ಮದರ್’, ‘ಈಟ್’ ಅಲುಗಲಿಲ್ಲ.

ನಿಮ್ಮ ಪರೀಕ್ಷೆಗೂ ಇದಕ್ಕೂ ಸಂಬಂಧವಿದೆ. ‘ಪುಟ್’, ‘ಗೆಟ್’, ‘ಟೇಕ್’ ಇದೇ ಜರ್ಮಾನಿಕ್ ಪದಗಳ ಸಾಲಿಗೆ ಸೇರಿದವು, ಲ್ಯಾಟಿನ್ ಪಟ್ಟಿಯಲ್ಲಿ ಸಿಗುವುದಿಲ್ಲ. ನನ್ನ ವಿದ್ಯಾರ್ಥಿಗಳು ಹೆಚ್ಚು ಎಡವುವುದು ಇವುಗಳಲ್ಲೇ. ‘ಪುಟ್ ಆಫ್’ ಎಂದರೆ ಮುಂದೂಡು, ‘ಪುಟ್ ಔಟ್’ ಎಂದರೆ ಆರಿಸು, ‘ಪುಟ್ ಅಪ್ ವಿತ್’ ಎಂದರೆ ಸಹಿಸಿಕೊ. ಒಂದೊಂದಕ್ಕೂ ನಿಮ್ಮದೇ ಒಂದು ವಾಕ್ಯ ಕಟ್ಟಿ, ನೋಟ್‌ಬುಕ್ಕಿನಲ್ಲಿ ಬರೆಯಿರಿ.